ಕುಲಪತಿಯ ಮುನ್ನುಡಿ ದೇವನೂರಿಗೆ ಬಂದ ಬಗೆ

ದೇವನೂರಿಗೆ ಹೋಗುವವರು ಲಕ್ಷ್ಮೀಶನಿಗಾಗಿ ಹೋಗುತ್ತಾರೆ. ನಾನೂ ಅದಕ್ಕೇ ಹೋಗಿದ್ದೆ. ಲಕ್ಷ್ಮೀಕಾಂತಸ್ವಾಮಿಯ ದರ್ಶನ ಮುಗಿಸಿ, ಜೈಮಿನಿ ಭಾರತದ ಕವಿ ಓಡಾಡಿದ ನೆಲವಿದು ಎಂಬ ಸಂತೋಷದಲ್ಲಿ ಬೀದಿಗಿಳಿದಾಗ ನಿವೃತ್ತ ಮೇಷ್ಟ್ರೊಬ್ಬರು ಜೊತೆಯಾದರು. ಗಮಕ ಗೊತ್ತಿದ್ದವರು. ಜೈಮಿನಿಯ ವಾರ್ಧಕ ಷಟ್ಪದಿಯನ್ನು ಬೀದಿಯಲ್ಲಿ ನಿಂತೇ ನಾಲ್ಕಾರು ಪದ್ಯ ವಾಚಿಸಿದರು. ಆಮೇಲೆ, "ಬನ್ನಿ ಸಾರ್, ಕಾಫಿ ಕುಡಿದುಕೊಂಡು ಹೋಗೋರಂತೆ" ಎಂದು ಮನೆಗೆ ಕರೆದರು.

ಹಳೆಯ ಜೈಮಿನಿ ಪ್ರತಿ ತೋರಿಸಲೆಂದು ಅಟ್ಟದಿಂದ ಒಂದು ಟ್ರಂಕು ಇಳಿಸಿದರು. ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಜೈಮಿನಿ ಮೇಲೆಯೇ ಇತ್ತು. ಅದರ ಕೆಳಗೆ ಸೆಣಬಿನ ದಾರ ಕಟ್ಟಿದ ತೆಳ್ಳನೆಯ ಪುಸ್ತಕಗಳ ಒಂದು ಕಟ್ಟು. "ಅದು ನಮ್ಮ ತಂದೆಯವರ ಕಾಲದ್ದು. ಯೂನಿವರ್ಸಿಟಿ ಪುಸ್ತಕ. ಅದನ್ನ ಯಾರೂ ಕೇಳಲ್ಲ ಸಾರ್, ಬಂದೋರೆಲ್ಲ ಜೈಮಿನಿ ನೋಡ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ" ಎಂದರು. ನಾನು ಕಟ್ಟು ಬಿಚ್ಚಿದೆ. ಜೈಮಿನಿ ಅಲ್ಲೇ ಉಳಿಯಿತು.

ಅವು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳು. ಅಂಗೈಯಷ್ಟಗಲ, ಬೆರಳಿನ ದಪ್ಪವೂ ಇಲ್ಲ. ಹಲವಕ್ಕೆ ರಟ್ಟು ಹೋಗಿ, ಯಾರೋ ಕಂದು ಕಾಗದದ ಹೊದಿಕೆ ಹಾಕಿ ಗೋಂದಿನಿಂದ ಅಂಟಿಸಿದ್ದರು. ನನ್ನ ಕೈಗೆ ಮೊದಲು ಸಿಕ್ಕ ಪುಸ್ತಕದ ಶೀರ್ಷಿಕೆಯ ಪುಟವನ್ನು ಗೆದ್ದಲು ತಿಂದುಹಾಕಿತ್ತು. ಮುನ್ನುಡಿ ಉಳಿದಿತ್ತು. ವಿಶ್ವವಿದ್ಯಾನಿಲಯದ ಮುಖ್ಯಸ್ಥರು ಬರೆದ ಮುನ್ನುಡಿ. ಸಹಿ ಇದ್ದ ಮೂಲೆ ಮಾತ್ರ ಗೆದ್ದಲಿನ ಪಾಲು. ಅದರಲ್ಲಿ ಎರಡು ವಾಕ್ಯಗಳ ಕೆಳಗೆ ಪೆನ್ಸಿಲಿನ ಗೆರೆ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ನಿಜ" ಎಂಬ ಒಂದೇ ಮಾತು. ಕಾಲೇಜಿನ ಮೆಟ್ಟಿಲು ಹತ್ತದ ರೈತರಾದ ಮೇಷ್ಟ್ರ ತಂದೆ ದೇವನೂರಿನ ಜಗಲಿಯಲ್ಲಿ ಕೂತು ಕುಲಪತಿಯ ಮಾತಿಗೆ ಕೊಟ್ಟ ಉತ್ತರ ಅದು.

ಪುಸ್ತಕದ ಕಾಲ ಯಾವುದು? ಹಿಂಬದಿಯ ಹರಕಿನಲ್ಲಿ ಬೆಲೆ ಉಳಿದಿತ್ತು, ನಯೇ ಪೈಸೆಯಲ್ಲಿ. ನನಗೆ ಅಷ್ಟು ಸಾಕಾಯಿತು. ಅಣೆಯ ಲೆಕ್ಕ ಹೋಗಿ ದಶಮಾಂಶದ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಹಳೆಯ ಪೈಸೆಯ ಜೊತೆ ಗೊಂದಲ ಆಗದಿರಲೆಂದು ಹೊಸ ನಾಣ್ಯವನ್ನು 'ನಯಾ' ಎಂದರು. 1964ರ ಜೂನ್‌ನಲ್ಲಿ ಆ ವಿಶೇಷಣವನ್ನು ಕೈಬಿಟ್ಟರು. ಅಂದರೆ ಈ ಪುಸ್ತಕ ಅಚ್ಚಾದದ್ದು ಆ ಏಳು ವರ್ಷಗಳ ಒಳಗೆ. ಉಳಿದ ಪುಸ್ತಕಗಳ ಬೆನ್ನನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಕೆಲವು ಅಣೆಯ ಕಾಲದವು, ಕೆಲವು ಬರಿಯ ಪೈಸೆಯ ಕಾಲದವು, ನಡುವೆ ನಯೇ ಪೈಸೆಯವು. ಒಂದು ಮನೆತನ ಮೂರು ನಾಣ್ಯಗಳ ಕಾಲದುದ್ದಕ್ಕೂ ವಿಶ್ವವಿದ್ಯಾನಿಲಯದ ಪುಸ್ತಕ ಕೊಂಡಿತ್ತು. ಮೇಷ್ಟ್ರ ಮನೆಯವರು ತಂದಿಟ್ಟ ಕಾಫಿ ಆರಿಹೋದದ್ದು ನನಗೆ ತಿಳಿಯಲಿಲ್ಲ.

ಆ ಕಾಲದ ಹಿನ್ನೆಲೆ ಓದುಗರಿಗೆ ಗೊತ್ತಿರುವುದೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಮೊದಲ ಕುಲಪತಿಯಾದವರು ಎಚ್.ವಿ. ನಂಜುಂಡಯ್ಯ. 1915ರ ಮೊದಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ 'ಪ್ರಬುದ್ಧ ಕರ್ನಾಟಕ' ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಆ ಉಪನ್ಯಾಸವನ್ನೇ ಅಚ್ಚು ಹಾಕಿಸಿ ಕಡಿಮೆ ಬೆಲೆಗೆ ಹಂಚುವುದು, ಇದು ಪದ್ಧತಿಯಾಗಿ ಬೆಳೆಯಿತು. 1956ರಲ್ಲಿ ಕೆ.ವಿ. ಪುಟ್ಟಪ್ಪನವರು, ನಮ್ಮ ಕುವೆಂಪು, ಆಗಿನ ಮಾತಿನಲ್ಲಿ ಉಪಕುಲಪತಿಯಾದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಅದರ ಮುಖ್ಯಸ್ಥರಾದವರಲ್ಲಿ ಅವರೇ ಮೊದಲಿಗರು. ಅವರ ಕಾಲದಲ್ಲಿ ಈ ಕೆಲಸಕ್ಕೆ 'ಪ್ರಸಾರಾಂಗ' ಎಂಬ ಹೆಸರು ಬಂತು, ಮೈಕೈ ತುಂಬಿಕೊಂಡಿತು. ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಗೆ ಹೆಸರಿಟ್ಟವರೂ ಅವರೇ.

ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ದೇವನೂರಿರುವ ಈಗಿನ ಚಿಕ್ಕಮಗಳೂರು ಜಿಲ್ಲೆಯಲ್ಲೇ. ಆಗ ಕಡೂರು, ತರೀಕೆರೆಯ ಹುಡುಗರಿಗೂ ಮೈಸೂರೇ ವಿಶ್ವವಿದ್ಯಾನಿಲಯ. ಹಾಗಾಗಿ ಪ್ರಸಾರಾಂಗದ ಪುಸ್ತಕ ದೇವನೂರಿಗೆ ಬಂದದ್ದು ಪರಸ್ಥಳದ ಸರಕು ಬಂದ ಹಾಗಲ್ಲ. ತಮ್ಮ ಜನಕ್ಕೆ ತಮ್ಮವರು ಕಳಿಸಿದ ಮಾತು ಅದು.

ಇಲ್ಲಿ ನನ್ನ ಒಂದು ಒಲವನ್ನು ಹೇಳಿಬಿಡುತ್ತೇನೆ. ವಿಶ್ವವಿದ್ಯಾನಿಲಯದ ಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದು ಕುಲಪತಿಯ ಮುನ್ನುಡಿಯನ್ನು. ಬಹಳ ಮಂದಿ ಅದನ್ನು ಮಗುಚಿ ಮುಂದೆ ಹೋಗುತ್ತಾರೆ. ಔಪಚಾರಿಕ ಎಂದು ಭಾವಿಸುತ್ತಾರೆ. ಅಂಥ ಮುನ್ನುಡಿಗಳು ಇಲ್ಲವೆಂದಲ್ಲ. ಆದರೆ ಬೇರೆ ಕಡೆ ವಿಶ್ವವಿದ್ಯಾನಿಲಯದ ಅಧ್ಯಕ್ಷರು ತಮ್ಮ ಸಮುದಾಯಕ್ಕೆ ನಿಯತವಾಗಿ ಪತ್ರ ಬರೆಯುತ್ತಾರಲ್ಲ, ನಮ್ಮಲ್ಲಿ ಆ ಪತ್ರದ ಕೆಲಸವನ್ನು ಮಾಡಿಕೊಂಡು ಬಂದದ್ದು ಈ ಮುನ್ನುಡಿಯೇ. ಪುಸ್ತಕ ಬಂದ ಹಾಗೆಲ್ಲ ಅದರ ಮೊದಲ ಪುಟಗಳಲ್ಲಿ ಕುಲಪತಿ ನಾಡಿನ ಜೊತೆ ಮಾತಾಡುತ್ತಿದ್ದರು. ಈ ವಿಷಯವನ್ನು ಏಕೆ ಆರಿಸಿಕೊಂಡೆವು, ಇದರಿಂದ ಯಾರಿಗೇನು ಪ್ರಯೋಜನ, ಮುಂದೆ ಏನು ಮಾಡಬೇಕೆಂದಿದ್ದೇವೆ ಎಂದು ಲೆಕ್ಕ ಒಪ್ಪಿಸುತ್ತಿದ್ದರು. 1969ರಿಂದ 1976ರವರೆಗೆ ಮೈಸೂರಿನ ಕುಲಪತಿಯಾಗಿದ್ದ ದೇಜಗೌ ಅವರ ಮುನ್ನುಡಿಗಳ ಆವೇಶವನ್ನು ಕನ್ನಡ ಓದುಗರು ಮರೆಯುವಂತಿಲ್ಲ. ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದ 1969ರಲ್ಲಿ ಅವರು ಆ ಸ್ಥಾನಕ್ಕೆ ಬಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ 1991ರಿಂದ ಇದೇ ಪದ್ಧತಿಯನ್ನು ಹಿಡಿಯಿತು. ಮೊದಲ ಕುಲಪತಿ ಚಂದ್ರಶೇಖರ ಕಂಬಾರರು, ಅನಂತರದ ಎಂ.ಎಂ. ಕಲಬುರ್ಗಿಯವರು, ಮುಂದೆ ಬಂದ ಬಿ.ಎ. ವಿವೇಕ ರೈ ಅವರು, ಇವರೆಲ್ಲರ ಕಾಲದ ಪ್ರಕಟಣೆಗಳನ್ನು ಒಂದೆಡೆ ಸಾಲಾಗಿ ಇಟ್ಟು ಬರಿಯ ಮುನ್ನುಡಿಗಳನ್ನೇ ಓದಿದರೆ ಒಂದು ಸಂಸ್ಥೆ ತನ್ನನ್ನು ತಾನು ಏನೆಂದು ತಿಳಿದುಕೊಂಡಿತ್ತು ಎಂಬ ಚರಿತ್ರೆಯೇ ಸಿಗುತ್ತದೆ.

ಇದು ಕನ್ನಡಕ್ಕೆ ಹೊಸದೂ ಅಲ್ಲ. ನಮ್ಮ ಕವಿಗಳು ಕಥೆಗೆ ಕೈಹಾಕುವ ಮುಂಚೆ ಪೀಠಿಕೆಯಲ್ಲಿ ಓದುಗರನ್ನು ನೇರವಾಗಿ ಮಾತಾಡಿಸುತ್ತಿದ್ದರು. ಲಕ್ಷ್ಮೀಶನೂ ಅಶ್ವಮೇಧದ ಕುದುರೆಯನ್ನು ಬಿಡುವ ಮೊದಲು ಜಾಣರಾದ ಕೇಳುಗರ ಕಡೆ ತಿರುಗುತ್ತಾನೆ. "ಪೀಠಿಕೆ ಬಿಟ್ಟು ವಾಚನ ಮಾಡೋ ಹಾಗಿಲ್ಲ ಸಾರ್. ಕೇಳೋರಿಗೆ ಮರ್ಯಾದೆ ಕೊಡೋದು ಅಲ್ಲೇ" ಎಂದರು ಮೇಷ್ಟ್ರು. ಅವರು ಹೇಳಿದ್ದು ಗಮಕದ ವಿಷಯ. ನನಗೆ ಅದು ಮುನ್ನುಡಿಯ ವಿಷಯವಾಗಿಯೂ ಕೇಳಿಸಿತು.

ಘಟಿಕೋತ್ಸವ ಭಾಷಣದ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಗೌನು ತೊಟ್ಟ ಸಭೆ, ಪದಕಗಳ ಎಣಿಕೆ, ಫೋಟೋಗಳ ಆತುರ. ಮಾತು ಅಲ್ಲೇ ಕರಗಿಹೋಗುತ್ತದೆ. ಕರಗದೆ ಉಳಿದವು ಕೆಲವೇ. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುವೆಂಪು ಮಾಡಿದ 'ವಿಚಾರಕ್ರಾಂತಿಗೆ ಆಹ್ವಾನ' ಅವುಗಳಲ್ಲಿ ಮುಖ್ಯವಾದದ್ದು. ಅದು ಉಳಿದದ್ದೂ ಕಿರುಪುಸ್ತಕವಾಗಿ ಹಳ್ಳಿಯ ಹುಡುಗರ ಕೈಸೇರಿದ್ದರಿಂದ. ವರ್ಷಕ್ಕೊಂದು ದಿನದ ಭಾಷಣಕ್ಕಿಂತ ಆಗಾಗ ಬರುವ ಒಂದೆರಡು ಪುಟದ ಬರಹಕ್ಕೆ ಶಕ್ತಿ ಹೆಚ್ಚು ಎಂಬುದಕ್ಕೆ ನೆಹರೂ ಅವರಿಗಿಂತ ಬೇರೆ ಸಾಕ್ಷಿ ಬೇಡ. 1947ರ ಅಕ್ಟೋಬರ್‌ನಿಂದ 1963ರವರೆಗೆ ಅವರು ಮುಖ್ಯಮಂತ್ರಿಗಳಿಗೆ ಹದಿನೈದು ದಿನಕ್ಕೊಮ್ಮೆ ಎಂಬಂತೆ ಪತ್ರ ಬರೆದರು. ಅವು ಐದು ಸಂಪುಟಗಳಷ್ಟಿವೆ. ಆಡಳಿತದ ಸೂಚನೆಗಳ ನಡುವೆಯೇ ಲೋಕದ ವಿಚಾರ, ಆತಂಕ, ಓದಿದ್ದು, ನೋಡಿದ್ದು ಎಲ್ಲವೂ ಅವುಗಳಲ್ಲಿ ಇದ್ದವು. ಅಮೆರಿಕದ ನೋಟರ್‌ಡೇಮ್ ವಿಶ್ವವಿದ್ಯಾಲಯವನ್ನು 35 ವರ್ಷ ನಡೆಸಿದ ಪಾದ್ರಿ ಥಿಯೊಡೋರ್ ಹೆಸ್ಬರ್ಗ್, 1969ರ ಫೆಬ್ರುವರಿಯಲ್ಲಿ, ಯುದ್ಧವಿರೋಧಿ ಚಳವಳಿಯ ಬಿಸಿಯಲ್ಲಿ, ತಮ್ಮ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಂದು ಪತ್ರ ಬರೆದರು. ಬಲಪ್ರಯೋಗದಿಂದ ಕ್ಯಾಂಪಸ್ಸಿನ ಕೆಲಸಕ್ಕೆ ಅಡ್ಡಿ ಮಾಡುವವರಿಗೆ ಯೋಚಿಸಲು ಹದಿನೈದು ನಿಮಿಷ ಕೊಡುತ್ತೇವೆ, ಆಮೇಲೆ ಕ್ರಮ ಎಂದರು. ಆ ನಿಲುವನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನೂ ಪೂರ್ತಿ ಒಪ್ಪುವುದಿಲ್ಲ. ಆದರೆ ಮುಖ್ಯಸ್ಥ ತನ್ನ ಹೆಸರಿನಲ್ಲಿ, ತನ್ನ ಕಾರಣಗಳನ್ನು ಬಿಡಿಸಿ ಹೇಳಿದ್ದರಿಂದ ಆ ಹುಡುಗರಿಗೆ ಜಗಳವಾಡಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ.

ನಮ್ಮ ವಿದ್ಯಾರ್ಥಿಗೆ ಈಗ ಎದುರಿಗಿರುವುದು ಸುತ್ತೋಲೆ. ದೇವನೂರಿನಿಂದ ಹಿಂದಿರುಗುವಾಗ ಕಡೂರು ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಬಿ.ಎ. ಓದುವ ಹುಡುಗಿಯ ಮೊಬೈಲಿನಲ್ಲಿ ಅಂಥದೊಂದನ್ನು ನೋಡಿದೆ. ಯಾವ ಕಾಲೇಜು, ಯಾವ ವಿಶ್ವವಿದ್ಯಾನಿಲಯ ಎಂಬುದು ಬೇಡ. ಎಲ್ಲ ಕಡೆ ಒಂದೇ ಅಚ್ಚು. ವಿಷಯ, ಉಲ್ಲೇಖ, 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ', ಪರೀಕ್ಷೆ ಮುಂದೂಡಿದ ಸಂಗತಿ, ದಂಡಶುಲ್ಕದ ಕೊನೆಯ ದಿನ, ಕೆಳಗೆ ಮಾನ್ಯ ಕುಲಪತಿಯವರ ಆದೇಶದ ಮೇರೆಗೆ ಕುಲಸಚಿವರ ಸಹಿ. ಫೋಟೋದ ಫೋಟೋ ತೆಗೆದು, ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ಹಾರಿ, ಅಕ್ಷರಗಳೆಲ್ಲ ಕಲಸಿಹೋಗಿದ್ದವು. "ಮುಂದಕ್ಕೆ ಯಾಕೆ ಹಾಕಿದ್ರಮ್ಮ?" ಎಂದು ಕೇಳಿದೆ. "ಅದೆಲ್ಲ ಹೇಳಲ್ಲ ಅಂಕಲ್, ಡೇಟು ಮಾತ್ರ ಹಾಕ್ತಾರೆ" ಎಂದಳು. ಕುಲಪತಿಯವರ ಹೆಸರು ಗೊತ್ತೇ ಎಂದದ್ದಕ್ಕೆ ನಾಚಿಕೊಂಡು ಇಲ್ಲವೆಂದು ತಲೆಯಾಡಿಸಿದಳು. ಅವಳು ನಾಚಬೇಕಾದ್ದೇನೂ ಇರಲಿಲ್ಲ. ಆ ಹೆಸರಿನಿಂದ ಅವಳಿಗೆ ಇದುವರೆಗೆ ಒಂದು ಸಾಲೂ ಬಂದಿರಲಿಲ್ಲ.

ಇದಕ್ಕೆ ಕಾರಣ ವ್ಯಕ್ತಿಗಳಲ್ಲ, ವ್ಯವಸ್ಥೆ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕುಲಪತಿಯ ಅವಧಿ ನಾಲ್ಕು ವರ್ಷ. ಆಡಳಿತಕ್ಕೊಬ್ಬರು, ಮೌಲ್ಯಮಾಪನಕ್ಕೊಬ್ಬರು ಕುಲಸಚಿವರು. ಕುಲಪತಿ ಮೇಲಕ್ಕೆ ಬರೆಯುವುದು ಸರ್ಕಾರಕ್ಕೆ, ರಾಜಭವನಕ್ಕೆ. ಕೆಳಕ್ಕೆ ಬರೆಯುವುದು ಕುಲಸಚಿವರ ಕೆಲಸ. ಹೀಗೆ ಕಡತದ ದಾರಿ ಸುಗಮವಾಗಿದೆ, ಮಾತಿನ ದಾರಿ ಮುಚ್ಚಿದೆ. ಸಂಯೋಜಿತ ಕಾಲೇಜುಗಳ ಹುಡುಗರಿಗಂತೂ ವಿಶ್ವವಿದ್ಯಾನಿಲಯ ಎಂದರೆ ಅಂಕಪಟ್ಟಿಯ ಮೇಲಿನ ಲಾಂಛನ. ಅವರಲ್ಲಿ ಬಹುಪಾಲು ಮಂದಿ ಕ್ಯಾಂಪಸ್ಸನ್ನು ಕಣ್ಣಿಂದ ನೋಡದೆಯೇ ಪದವಿ ಮುಗಿಸುತ್ತಾರೆ.

1987ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಆರ್. ಪ್ರಾಜೆಕ್ಟಿನ ಸ್ನಾತಕೋತ್ತರ ಕೇಂದ್ರ ಕುವೆಂಪು ವಿಶ್ವವಿದ್ಯಾನಿಲಯವಾದಾಗ, ಕಡೂರು ತರೀಕೆರೆಯವರಿಗೆ ವಿಶ್ವವಿದ್ಯಾನಿಲಯ ಮನೆಬಾಗಿಲಿಗೆ ಬಂತೆಂಬ ಸಂಭ್ರಮ. ಅದು ಇರುವ ಶಂಕರಘಟ್ಟ ತರೀಕೆರೆಗೆ ನೆರೆಯೂರೇ. ಮೊದಲ ಕುಲಪತಿಯಾಗಿ ಬಂದವರು ಕಾದಂಬರಿಕಾರ ಶಾಂತಿನಾಥ ದೇಸಾಯಿ. ಹೆಸರು ಕೊಟ್ಟ ಕವಿ ಆಗಿನ್ನೂ ಮೈಸೂರಿನ ತಮ್ಮ ಮನೆ ಉದಯರವಿಯಲ್ಲಿ ಇದ್ದರು. ಬರೆಯಬಲ್ಲವರು, ಜನರ ಜೊತೆ ಮಾತಾಡಬಲ್ಲವರು ವಿಶ್ವವಿದ್ಯಾನಿಲಯ ಕಟ್ಟಬೇಕೆಂಬ ನಂಬಿಕೆ ಆಗ ನಾಡಿಗಿತ್ತು. ಕುಲಪತಿಗಳೆಲ್ಲ ಸಾಹಿತಿಗಳಾಗಿರಬೇಕೆಂದು ನಾನು ಹೇಳುತ್ತಿಲ್ಲ. ರಸಾಯನಶಾಸ್ತ್ರದವರಾಗಲಿ, ವಾಣಿಜ್ಯಶಾಸ್ತ್ರದವರಾಗಲಿ, ತಾವು ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಪುಟ ತಿಳಿಯಾಗಿ ಬರೆಯಲು ಯಾರಿಗೂ ಕಷ್ಟವಿಲ್ಲ. 1918ರ ಸುಮಾರಿಗೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಪತ್ರಿಕೆಯನ್ನೇ ನಡೆಸಿ ತೋರಿಸಿದ್ದರು. ಅವರು ಭೌತಶಾಸ್ತ್ರದ ಮೇಷ್ಟ್ರು.

ಹಾಗಾಗಿ ನಾಡಿನ ಎಲ್ಲ ಕುಲಪತಿಗಳಲ್ಲಿ ನನ್ನ ಮನವಿ ಇಷ್ಟೇ. ತಿಂಗಳಿಗೊಂದು ಪುಟ ಬರೆಯಿರಿ. ಕುಲಸಚಿವರ ಸಹಿಯಲ್ಲಲ್ಲ, ನಿಮ್ಮ ಸಹಿಯಲ್ಲಿ. ಪರೀಕ್ಷೆ ಮುಂದೆ ಹೋಗಿದ್ದರೆ ಏಕೆ ಎಂದು ಹೇಳಿ. ಅತಿಥಿ ಉಪನ್ಯಾಸಕರಿಗೆ ಸಂಬಳ ತಡವಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ನಿಮ್ಮ ಪ್ರಯೋಗಾಲಯದಲ್ಲಿ ಬಯಲುಸೀಮೆಯ ತೆಂಗಿನ ರೋಗದ ಬಗ್ಗೆಯೋ, ಮದಗದಕೆರೆ, ಅಯ್ಯನಕೆರೆಯ ನೀರಿನ ಬಗ್ಗೆಯೋ ಯಾರಾದರೂ ಕೆಲಸ ಮಾಡುತ್ತಿದ್ದರೆ ಆ ಹುಡುಗ ಹುಡುಗಿಯರ ಹೆಸರು ಹೇಳಿ. ಆ ಪುಟವನ್ನು ಸಂಯೋಜಿತ ಕಾಲೇಜುಗಳ ನೋಟಿಸ್ ಬೋರ್ಡಿಗೆ ಹಾಕಿಸಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೂ ಕಳಿಸಿ. ಖರ್ಚು ಒಂದು ಘಟಿಕೋತ್ಸವದ ಶಾಮಿಯಾನಕ್ಕಿಂತ ಕಡಿಮೆಯೇ ಆದೀತು.

ಓದುವವರು ಸಿಗುತ್ತಾರೆಯೇ ಎಂಬ ಅನುಮಾನ ಬೇಡ. ಅಣೆಯ ಕಾಲದಿಂದ ಪೈಸೆಯ ಕಾಲದವರೆಗೆ ಓದುಗರು ಕೈಯಾರೆ ಹಣ ಕೊಟ್ಟು ಆ ಮುನ್ನುಡಿಗಳನ್ನು ಓದಿದ್ದಾರೆ, ಅಂಚಿನಲ್ಲಿ ಉತ್ತರವನ್ನೂ ಬರೆದಿದ್ದಾರೆ. ಜನರ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾನಿಲಯಕ್ಕೆ ಜನರ ಜೊತೆ ಮಾತಾಡುವುದು ದೊಡ್ಡ ಗುಣವಲ್ಲ, ಕರ್ತವ್ಯ. ಅದನ್ನು ಮಾಡಿ ತೋರಿಸಿದವರು ಇದೇ ಜಿಲ್ಲೆಯಲ್ಲಿ ಹುಟ್ಟಿದವರು. ಅವರ ಹೆಸರಿಟ್ಟುಕೊಂಡ ಸಂಸ್ಥೆಯಿಂದಲೇ ಇದು ಮತ್ತೆ ಶುರುವಾದರೆ, ಉಳಿದ ವಿಶ್ವವಿದ್ಯಾನಿಲಯಗಳು ಹಿಂದೆ ಬರಲು ತಡವಾಗದು.