ತೆಳುಮೈಯ ಲ್ಯಾಪ್‌ಟಾಪು, ಹಗುರ ಬೆಲೆ

ಅಗ್ಗದ ತೆಳು ಲ್ಯಾಪ್‌ಟಾಪು ಕೈಕೊಡುವುದು ಎಷ್ಟೋ ಸಲ ಪ್ರೊಸೆಸರಿನಲ್ಲಲ್ಲ, ಮೂಲೆಯಲ್ಲಿ. ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಮೇಜುಗಳ ಮೇಲೆ ಹಿಂಜ್ ಕಿತ್ತುಬಂದ ಯಂತ್ರಗಳಿಗೆ ಬರವಿಲ್ಲ. ಮುಚ್ಚಳ ಎತ್ತಿದರೆ ಅದರ ಜೊತೆಗೇ ಕೀಬೋರ್ಡಿನ ಅಂಚೂ ಎದ್ದು ಬಾಯಿ ಬಿಡುತ್ತದೆ. ಬಿಚ್ಚಿ ನೋಡಿದರೆ ಉಕ್ಕಿನ ಹಿಂಜಿಗೆ ಏನೂ ಆಗಿರುವುದಿಲ್ಲ. ಅದನ್ನು ಹಿಡಿದ ಸ್ಕ್ರೂಗಳು ಕಚ್ಚಿಕೊಂಡಿರುವುದು ಕೆಲವೇ ಮಿಲಿಮೀಟರ್ ಎತ್ತರದ ಹಿತ್ತಾಳೆ ಬುಷ್‌ಗಳಲ್ಲಿ; ಆ ಬುಷ್‌ಗಳನ್ನು ಕಾಯಿಸಿ ಪುಟ್ಟ ಪ್ಲಾಸ್ಟಿಕ್ ಕಂಬಗಳೊಳಗೆ ಒತ್ತಿ ಕೂರಿಸಿರುತ್ತಾರೆ. ಪರದೆಯನ್ನು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕಲ್ಲ, ಅದಕ್ಕಾಗಿ ಹಿಂಜನ್ನು ಬಿಗಿಯಾಗಿಯೇ ಮಾಡುತ್ತಾರೆ. ಧೂಳು ಕೂತು ಗ್ರೀಸ್ ಒಣಗಿದರೆ ಅದು ಇನ್ನಷ್ಟು ಬಿಗಿ. ತೆರೆದು ಮುಚ್ಚಿದಾಗಲೆಲ್ಲ ಆ ಒತ್ತಡ ಕಂಬದ ಬುಡಕ್ಕೆ ಬೀಳುತ್ತದೆ, ಕೊನೆಗೊಂದು ದಿನ ಕಂಬ ಬಿರಿದು ಬುಷ್ಷು ಸ್ಕ್ರೂ ಸಮೇತ ಈಚೆಗೆ ಬರುತ್ತದೆ. ದಪ್ಪ ಮೈಯ ಯಂತ್ರದಲ್ಲಿ ಆ ಕಂಬಕ್ಕೆ ಆಸರೆ ಕೊಡಲು ಜಾಗವಿರುತ್ತದೆ. ದುಬಾರಿ ತೆಳು ಯಂತ್ರದಲ್ಲಿ ಹಿಂಜು ಲೋಹದ ಚೌಕಟ್ಟಿಗೇ ಕೂತಿರುತ್ತದೆ. ತೆಳುವೂ ಪ್ಲಾಸ್ಟಿಕ್ಕೂ ಒಂದೇ ಮೈಯಲ್ಲಿ ಸೇರಿದಾಗಲೇ ಪೇಚು.

ತೆಳ್ಳಗಾಗುವುದು ಮೂಲತಃ ದುಡ್ಡಿದ್ದವರ ಆಟ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಚೇರಿಯ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದು ತೋರಿಸಿದರು. ಬೆಲೆ 1,799 ಡಾಲರ್. ಅದಕ್ಕೆ ಕೆಲವೇ ತಿಂಗಳು ಮೊದಲು, 2007ರಲ್ಲಿ, ಆಸುಸ್ ಕಂಪನಿ 7 ಇಂಚಿನ ಪರದೆಯ, ಒಂದು ಕಿಲೋಗಿಂತಲೂ ಹಗುರವಾದ ಈ-ಪಿಸಿ ಎಂಬ ಅಗ್ಗದ ಯಂತ್ರ ತಂದಿತ್ತು. 2011ರಲ್ಲಿ ತೈಪೆಯ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ 'ಅಲ್ಟ್ರಾಬುಕ್' ಎಂಬ ವರ್ಗವನ್ನೇ ಘೋಷಿಸಿ, ದಪ್ಪ 20 ಮಿಲಿಮೀಟರಿಗಿಂತ ಕಡಿಮೆ, ಬೆಲೆ ಸಾವಿರ ಡಾಲರ್‌ನೊಳಗೆ ಎಂದು ಗುರಿ ಇಟ್ಟಿತು. ಇವತ್ತು ನಮ್ಮ ಅಂಗಡಿಗಳಲ್ಲಿ 35–45 ಸಾವಿರ ರೂಪಾಯಿಗೆ ಸಿಗುವ, ಎರಡು ಸೆಂಟಿಮೀಟರೂ ದಪ್ಪವಿಲ್ಲದ, ಒಂದೂವರೆ ಕಿಲೋ ಆಸುಪಾಸಿನ ಲ್ಯಾಪ್‌ಟಾಪುಗಳು ಈ ಎರಡೂ ಮನೆತನದ ಕೂಸುಗಳು. ಮೈಕಟ್ಟು ಏರ್‌ನದು, ಜೇಬು ಈ-ಪಿಸಿಯದು.

ಈ ಮೈಕಟ್ಟಿನ ಮೊದಲ ಶತ್ರು ಶಾಖ. ಪ್ರೊಸೆಸರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಅದನ್ನು ಸಾಗಿಸಲು ಒಳಗೊಂದು ತಾಮ್ರದ ಕೊಳವೆ ಇರುತ್ತದೆ. ಗಾಳಿ ತೆಗೆದು ಮುಚ್ಚಿದ ಅದರೊಳಗೆ ಹನಿಯಷ್ಟು ನೀರು. ಚಿಪ್ಪಿನ ಕಡೆಯ ತುದಿಯಲ್ಲಿ ಆ ನೀರು ಆವಿಯಾಗುತ್ತದೆ, ಫ್ಯಾನಿನ ಕಡೆಯ ತುದಿಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ತಾಗಿದ ಹಬೆಯಂತೆ ತಣಿದು ಮತ್ತೆ ನೀರಾಗುತ್ತದೆ, ಕೊಳವೆಯ ಒಳಮೈಯ ಸೂಕ್ಷ್ಮ ರಂಧ್ರಗಳ ಪದರ ಅದನ್ನು ಹೀರಿ ವಾಪಸು ತರುತ್ತದೆ. ಸೊಗಸಾದ ಉಪಾಯ. ಆದರೆ ಬೆಲೆ ಇಳಿಸುವಾಗ ಎರಡು ಕೊಳವೆಯ ಜಾಗದಲ್ಲಿ ಒಂದೇ ಉಳಿಯುತ್ತದೆ, ತೆಳ್ಳಗಾಗಿಸುವಾಗ ಫ್ಯಾನು ಚಪ್ಪಟೆಯಾಗುತ್ತದೆ. ಅಷ್ಟೇ ಗಾಳಿ ನೂಕಲು ಚಪ್ಪಟೆ ಫ್ಯಾನು ಹೆಚ್ಚು ಜೋರಾಗಿ ತಿರುಗಬೇಕು. ಸಣ್ಣದಾಗಿ ಕಿರ್ರೆನ್ನುವ ಸದ್ದು ಅದರದೇ. ಇನ್ನೊಂದು ಮಾತನ್ನು ಜಾಹೀರಾತು ಹೇಳುವುದಿಲ್ಲ. ಶಾಖ ಹೊರಹೋಗುವ ದರ ಚಿಪ್ಪಿಗೂ ಕೋಣೆಗೂ ಇರುವ ಉಷ್ಣತೆಯ ಅಂತರವನ್ನು ನೆಚ್ಚಿಕೊಂಡಿದೆ. ಚಿಪ್ಪು 95 ಡಿಗ್ರಿಯಲ್ಲಿದ್ದರೆ, 25 ಡಿಗ್ರಿಯ ಮೈಸೂರಿನ ಕೋಣೆಯಲ್ಲಿ ಆ ಅಂತರ 70. ಬೇಸಿಗೆಯ ಕಲಬುರಗಿಯಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಬರೀ 55. ಅದೇ ಫ್ಯಾನು, ಅದೇ ಕೊಳವೆ, ಆದರೆ ಹೊರಹೋಗುವ ಶಾಖ ಐದರಲ್ಲೊಂದು ಭಾಗ ಕಡಿಮೆ. ಹವಾನಿಯಂತ್ರಿತ ಸ್ಟುಡಿಯೋದಲ್ಲಿ ಕೂತು ವಿಮರ್ಶೆ ಮಾಡುವವರ ವೇಗದ ಅಂಕಿಗಳನ್ನು ಕಲ್ಯಾಣ ಕರ್ನಾಟಕದ ಓದುಗರು ತುಸು ತಗ್ಗಿಸಿಕೊಂಡೇ ಓದಬೇಕು.

ಶಾಖ ಮಿತಿಮೀರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟಲಿಂಗ್ ಎನ್ನುತ್ತಾರೆ. ಇಂಟೆಲ್‌ನ ಕೋರ್ ಐ5 1235ಯು ಎಂಬ ಚಿಪ್ಪನ್ನೇ ನೋಡಿ: ಅದರ ಮೂಲ ಬಳಕೆ 15 ವಾಟ್, ಗರಿಷ್ಠ 55 ವಾಟ್. ಆ 55 ಕೆಲವು ಸೆಕೆಂಡುಗಳ ಓಟ ಮಾತ್ರ. ವೆಬ್ ಪುಟ ತೆರೆಯಲು, ಎಕ್ಸೆಲ್ ಲೆಕ್ಕ ತಿರುವಿಹಾಕಲು ಆ ಓಟವೇ ಸಾಕು. ಮದುವೆ ವಿಡಿಯೋ ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಇಟ್ಟಿರೋ, ಯಂತ್ರ ಹಾಸಿಗೆ ಇದ್ದಷ್ಟು ಕಾಲು ಚಾಚಿ ಮೆಲ್ಲಗೆ ನಡೆಯುತ್ತದೆ.

ಹಾಗೆಂದು 45 ವಾಟಿನ ದಪ್ಪ ಯಂತ್ರದ ಮುಂದೆ 15 ವಾಟಿನ ಯಂತ್ರ ಮೂರು ಪಟ್ಟು ನಿಧಾನವೇನಲ್ಲ. ಚಿಪ್ಪು ಬಳಸುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗವನ್ನು ಶೇ. 20 ಹೆಚ್ಚಿಸಲು ವೋಲ್ಟೇಜನ್ನೂ ಅಷ್ಟೇ ಏರಿಸಬೇಕಾಗಿ ಬಂದರೆ ವಿದ್ಯುತ್ತಿನ ಖರ್ಚು ಸುಮಾರು ಶೇ. 73 ಹೆಚ್ಚು! ಕೊನೆಯ ಚೂರು ವೇಗವೇ ಅತಿ ದುಬಾರಿ. ಅದನ್ನು ಬಿಟ್ಟುಕೊಟ್ಟವನಿಗೆ ದೊಡ್ಡ ನಷ್ಟವೇನೂ ಇಲ್ಲ, ಬ್ಯಾಟರಿಯೂ ಉಳಿಯುತ್ತದೆ. ಈ ವರ್ಗದ ಯಂತ್ರಗಳು ಬದುಕಿರುವುದೇ ಈ ಗಣಿತದಿಂದ.

ತೆಳುವಿನಿಂದ ಇನ್ನೊಂದು ಉಪಕಾರವೂ ಆಯಿತು. ಡಿವಿಡಿ ಡ್ರೈವಿಗೂ ತಿರುಗುವ ಹಾರ್ಡ್ ಡಿಸ್ಕಿಗೂ ಈ ಮೈಯಲ್ಲಿ ಜಾಗ ಇಲ್ಲದೆ, ಅಗ್ಗದ ಯಂತ್ರಕ್ಕೂ ಎಸ್‌ಎಸ್‌ಡಿ ಬಂತು. ಆನ್ ಮಾಡಿ ಕಾಫಿ ಕುಡಿದು ಬರುವ ಕಾಲ ಹೋಗಿದ್ದು ಪ್ರೊಸೆಸರಿನಿಂದಲ್ಲ, ಇದರಿಂದ. ಇಎಂಎಂಸಿ ಎಂದು ಬರೆದ 64 ಅಥವಾ 128 ಜಿಬಿಯ ಯಂತ್ರಗಳು ಮಾತ್ರ ಬೇಡವೇ ಬೇಡ. ಅದು ನಿಧಾನದ ಸಂಗ್ರಹ, ಮದರ್‌ಬೋರ್ಡಿಗೆ ಬೆಸೆದದ್ದು, ತುಂಬಿದರೆ ಬದಲಿಸುವ ದಾರಿಯಿಲ್ಲ.

ಬೆಸುಗೆಯ ಮಾತು ಬಂತಲ್ಲ, ನನ್ನ ದೊಡ್ಡ ತಕರಾರು ಇರುವುದು ಅಲ್ಲೇ. ತೆಳು ಯಂತ್ರಗಳಲ್ಲಿ ರ‍್ಯಾಮನ್ನೂ ಬೆಸೆದುಬಿಡುತ್ತಾರೆ. ಇದು ಬರೀ ಜಿಪುಣತನವಲ್ಲ: ಕಡಿಮೆ ವೋಲ್ಟೇಜಿನ ಎಲ್‌ಪಿಡಿಡಿಆರ್ ರ‍್ಯಾಮ್ ಚಿಪ್ಪಿನ ಪಕ್ಕದಲ್ಲೇ, ಗಿಡ್ಡ ತಂತುಗಳಲ್ಲಿ ಕೂರಬೇಕು, ಅದರಿಂದ ವಿದ್ಯುತ್ ಉಳಿಯುತ್ತದೆ. ಆದರೆ 8 ಜಿಬಿ ಬೆಸೆದು ಖಾಲಿ ಸ್ಲಾಟ್ ಇಡದ ಯಂತ್ರದ ಆಯಸ್ಸು ಕೊಂಡ ದಿನವೇ ನಿಗದಿಯಾಗಿರುತ್ತದೆ. ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್‌ನ ಕನಿಷ್ಠ ಪಟ್ಟಿ ಹೇಳಬಹುದು. ಹತ್ತು ಟ್ಯಾಬು, ಒಂದು ವಿಡಿಯೋ ಕರೆ ಸೇರಿದರೆ 8 ಕೂಡ ಏದುಸಿರು ಬಿಡುತ್ತದೆ. ಸ್ಲಾಟ್ ಒಂದಿದ್ದರೆ ಮುಂದೆ ದುಡ್ಡು ಕೂಡಿದಾಗ ಇನ್ನೊಂದು ಪಟ್ಟಿ ಸಿಕ್ಕಿಸಬಹುದು. ಗ್ರಾಫಿಕ್ಸ್ ಕೂಡ ಅದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಎರಡು ಚಾನಲ್ ಆದಾಗ ಆಟಗಳೂ ಚುರುಕಾಗುತ್ತವೆ.

ಹೆಸರಿನ ಚಮತ್ಕಾರವೂ ಒಂದಿದೆ. ಎಎಮ್‌ಡಿಯ ರೈಜೆನ್ 5 7520ಯು ಮತ್ತು 7530ಯು ಅಂಗಡಿಯ ಚೀಟಿಯಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆ ಸರಣಿಯಲ್ಲಿ ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ. ಮೊದಲನೆಯದರಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಜೆನ್ 2 ವಿನ್ಯಾಸ, ನಾಲ್ಕು ಕೋರ್. ಎರಡನೆಯದರಲ್ಲಿ 3, ಅಂದರೆ ಜೆನ್ 3, ಆರು ಕೋರ್. ಮುಂದಿನ 7 ನೋಡಿ ಹೊಸದೆಂದು ಹಿಗ್ಗಿದರೆ ಕಂಪನಿಗೆ ಲಾಭ.

ಪರದೆಯಲ್ಲಿ ಉಳಿಸುವ ದುಡ್ಡು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ. '250 ನಿಟ್ಸ್, 45% ಎನ್‌ಟಿಎಸ್‌ಸಿ' ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಕಿಟಕಿ ಪಕ್ಕ ಕೂತಾಗ ಮಂಕು, ಬಣ್ಣವೂ ಸಪ್ಪೆ ಎಂದು ತಿಳಿಯಿರಿ. ಪತ್ರ ಬರೆಯಲು ಏನೂ ತೊಂದರೆಯಿಲ್ಲ. ಇಳಕಲ್ ಸೀರೆಯ ಫೋಟೋ ತಿದ್ದಿ ಆನ್‌ಲೈನ್ ಮಾರುವವರಿಗೆ ಮಾತ್ರ ಇದು ಆಗದು. ಇಲ್ಲಿ ಸರಿ ಕಂಡ ಸೆರಗಿನ ಕೆಂಪು ಗಿರಾಕಿಯ ಫೋನಿನಲ್ಲಿ ಬೇರೆಯೇ ಆಗಿರುತ್ತದೆ.

ಬ್ಯಾಟರಿಯ ಲೆಕ್ಕ ಪೆಟ್ಟಿಗೆಯ ಮೇಲಿನ ಗಂಟೆಗಳಲ್ಲಿಲ್ಲ, ವಾಟ್-ಅವರ್‌ನಲ್ಲಿದೆ. 42 ವಾಟ್-ಅವರ್ ಬ್ಯಾಟರಿ, ಸಾಧಾರಣ ಕೆಲಸಕ್ಕೆ 7 ವಾಟ್ ಖರ್ಚು ಅಂದುಕೊಂಡರೆ ಆರು ಗಂಟೆ. ಪರದೆಯ ಬೆಳಕು ಪೂರ್ತಿ ಏರಿಸಿದರೆ ಇನ್ನೂ ಕಡಿಮೆ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವವರು, ಸೆಟ್ಟಿಂಗ್ಸ್‌ನಲ್ಲಿ 80 ಪ್ರತಿಶತಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಹಾಕಿಕೊಳ್ಳುವುದು ಒಳ್ಳೆಯದು. ಟಚ್‌ಪ್ಯಾಡ್ ತಾನಾಗಿ ಉಬ್ಬಿ ಕ್ಲಿಕ್ ಆಗದೆ ಹೋದರೆ ಕೆಟ್ಟಿರುವುದು ಬಹುಶಃ ಟಚ್‌ಪ್ಯಾಡ್ ಅಲ್ಲ, ಅದರಡಿಯ ಬ್ಯಾಟರಿ ಊದಿಕೊಂಡಿದೆ. ಆಗ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಡಿಗ್ರಿ ಓದುವ ಹುಡುಗಿ, ನುಡಿಯಲ್ಲಿ ಅರ್ಜಿ ಟೈಪ್ ಮಾಡುವ ಪತ್ರಬರಹಗಾರ, ಅಂಕಪಟ್ಟಿ ತುಂಬುವ ಮೇಷ್ಟ್ರು: ಇವರಿಗೆಲ್ಲ ಈ ಯಂತ್ರ ಧಾರಾಳವಾಗಿ ಸಾಕು. ಬಸ್ಸಿನಲ್ಲಿ ನಿಂತು ಹೋಗುವವರ ಹೆಗಲಿಗೆ ಒಂದು ಕಿಲೋ ಕಡಿಮೆಯಾಗುವುದು ಸಣ್ಣ ಮಾತಲ್ಲ. ಪ್ಲಾಸ್ಟಿಕ್ ಮೈಯನ್ನೂ ಪೂರಾ ಬೈಯಬೇಕಿಲ್ಲ. ಲೋಹದಷ್ಟು ಶಾಖ ಹರಿಸದ ಕಾರಣ ತೊಡೆಗೆ ಚುರುಕು ಮುಟ್ಟಿಸುವುದೂ ಕಡಿಮೆ. ಆಟ, ವಿಡಿಯೋ ಎಡಿಟಿಂಗ್, ಎಂಜಿನಿಯರಿಂಗ್ ಸಾಫ್ಟ್‌ವೇರ್ ಬೇಕೆನ್ನುವವರು ಇದೇ ದುಡ್ಡಿಗೆ ದಪ್ಪದ ಯಂತ್ರ ಹುಡುಕುವುದು ಮೇಲು.

ಇನ್ನೊಂದು ದಾರಿಯೂ ಉಂಟು, ನನಗೆ ಅದರ ಮೇಲೇ ಒಲವು ಹೆಚ್ಚು. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಕೈಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನಂಥ ಕಡೆ ಹೊಸ ಅಗ್ಗದ ಯಂತ್ರಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಹಿಂಜು ಗಟ್ಟಿ, ಕೀಬೋರ್ಡು ಒಳ್ಳೆಯದು, ಎಷ್ಟೋ ಮಾದರಿಗಳಲ್ಲಿ ರ‍್ಯಾಮ್ ಬದಲಿಸಬಹುದು. ಬ್ಯಾಟರಿ ಸವೆದಿರುತ್ತದೆ, ಹೊಸದಕ್ಕೆ ಬೇರೆ ದುಡ್ಡು ಎತ್ತಿಡಬೇಕು. ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಿರಲಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದಕ್ಕಿಂತ ಹಳೆಯ ಚಿಪ್ಪುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂಥದ್ದೇ ಸಿಕ್ಕಿ ಬೆಲೆ ತೀರಾ ಕಡಿಮೆಯಿದ್ದರೆ, ಲಿನಕ್ಸ್ ಹಾಕಿಕೊಡುವಿರಾ ಎಂದು ಅಂಗಡಿಯವರನ್ನೇ ಕೇಳಿ.