ಸಂಕೋಲೆ ಹರಿದ ದ್ವೀಪ

ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಕಾಫಿಗೆ ಸಕ್ಕರೆ ಬೆರೆಸುತ್ತಿದ್ದ ಸಿರಿವಂತರಲ್ಲಿ, ಆ ಸಿಹಿಯ ಹಿಂದಿದ್ದ ಕಣ್ಣೀರನ್ನು ನೆನೆದವರು ವಿರಳ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮ ಭಾಗದಲ್ಲಿ ಫ್ರೆಂಚರದೊಂದು ವಸಾಹತಿತ್ತು. ಹೆಸರು ಸ್ಯಾಂ ದೊಮಾಂಗ್. ಯುರೋಪು ಬಳಸುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇಕಡಾ 40ರಷ್ಟು, ಕಾಫಿಯಲ್ಲಿ ಅರ್ಧಕ್ಕೂ ಮಿಗಿಲು, ಈ ಪುಟ್ಟ ನೆಲದಿಂದಲೇ ಹೋಗುತ್ತಿತ್ತು.

ಈ ಐಶ್ವರ್ಯವನ್ನು ದುಡಿದು ಕೊಟ್ಟವರು ಗುಲಾಮರು. 1789ರ ವೇಳೆಗೆ ಅವರ ಸಂಖ್ಯೆ ಐದು ಲಕ್ಷವನ್ನು ಸಮೀಪಿಸಿತ್ತು. ಬಿಳಿಯರಾದರೋ ಮೂವತ್ತು ನಲವತ್ತು ಸಾವಿರ ಮಂದಿ. ಹಗಲೆಲ್ಲ ಕಬ್ಬಿನ ಗದ್ದೆ, ಸುಗ್ಗಿಯಲ್ಲಿ ಇರುಳೂ ಆಲೆಮನೆ. ಓಡಿಹೋಗಿ ಸಿಕ್ಕಿಬಿದ್ದವನ ಕಿವಿ ಕತ್ತರಿಸಿ ಮೈಗೆ ಬರೆ ಹಾಕಲು 1685ರ ರಾಜಶಾಸನವೇ ಅಪ್ಪಣೆಯಿತ್ತಿತ್ತು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಸತ್ತವರ ಜಾಗವನ್ನು ಆಫ್ರಿಕದಿಂದ ಬರುವ ಮತ್ತೊಂದು ಹಡಗು ತುಂಬುತ್ತಿತ್ತು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಯಿತು. ಮನುಷ್ಯರೆಲ್ಲರೂ ಸಮಾನರೆಂಬ ಘೋಷಣೆ ಕಡಲು ದಾಟಿ ಬಂದಿತು. ತೋಟದ ಒಡೆಯರು ಅದನ್ನು ತಮಗೆ ಮಾತ್ರ ಅನ್ವಯಿಸಿಕೊಂಡರು; ಸ್ವತಂತ್ರರಾಗಿದ್ದ ಮಿಶ್ರವರ್ಣದವರು ತಮಗೂ ಹಕ್ಕು ಬೇಕೆಂದರು. ಇವರಿಬ್ಬರ ಕಲಹದ ನಡುವೆ, 1791ರ ಆಗಸ್ಟ್ 22ರ ರಾತ್ರಿ, ಯಾರೂ ಲೆಕ್ಕಕ್ಕಿಡದಿದ್ದ ಗುಲಾಮರು ಸಿಡಿದೆದ್ದರು. ಉತ್ತರದ ಬಯಲಿನ ತೋಟಗಳು ಧಗಧಗನೆ ಉರಿದವು.

ಈ ದಂಗೆಗೆ ಸೈನ್ಯದ ಶಿಸ್ತನ್ನು ತಂದವನು, ಗುಲಾಮನಾಗಿಯೇ ಹುಟ್ಟಿದ್ದ ಟೂಸಾಂ ಲೂವೆರ್ತ್ಯೂರ್. 1794ರಲ್ಲಿ ಫ್ರಾನ್ಸ್ ಗುಲಾಮಗಿರಿಯನ್ನು ರದ್ದುಪಡಿಸಲು, ಅವನು ಅದರ ಪಕ್ಷ ವಹಿಸಿ ಸ್ಪೇನಿನವರನ್ನೂ ಆಂಗ್ಲರನ್ನೂ ಎದುರಿಸಿದನು. ಆದರೆ 1802ರಲ್ಲಿ ನೆಪೋಲಿಯನ್ ಕಳುಹಿಸಿದ ದಂಡು ಬಂದಿಳಿಯಿತು. ಮಾತುಕತೆಯ ನೆಪದಲ್ಲಿ ಟೂಸಾಂನನ್ನು ಸೆರೆಹಿಡಿದರು. ಮರುವರ್ಷ ಫ್ರಾನ್ಸಿನ ಚಳಿಯ ಕೋಟೆಯೊಂದರಲ್ಲಿ ಅವನು ಕೊನೆಯುಸಿರೆಳೆದನು. ಗ್ವಾಡಲೂಪ್ ದ್ವೀಪದಲ್ಲಿ ಗುಲಾಮಗಿರಿ ಮರಳಿದ ಸುದ್ದಿ ಬಂದಾಗ ಹೋರಾಟ ಮತ್ತೆ ಭುಗಿಲೆದ್ದಿತು. ಹಳದಿ ಜ್ವರವೂ ಫ್ರೆಂಚ್ ಸೈನ್ಯವನ್ನು ಕಬಳಿಸಿತು. 1804ರ ಜನವರಿ 1ರಂದು ಸೇನಾನಿ ಡೆಸ್ಸಲೀನ್ ಸ್ವಾತಂತ್ರ್ಯ ಸಾರಿ, ನಾಡಿಗೆ ಹೈಟಿ ಎಂಬ ಹೆಸರಿಟ್ಟನು.

ವಿಜಯ ನಿಷ್ಕಳಂಕವಾಗಿರಲಿಲ್ಲ, ಅದೇ ವರ್ಷ ಅವನ ಆಜ್ಞೆಯಂತೆ ಉಳಿದಿದ್ದ ಸಾವಿರಾರು ಫ್ರೆಂಚರ ಕೊಲೆಯಾಯಿತು. ಹೊರಗಿನ ಸೇಡು ಇನ್ನೂ ದೀರ್ಘವಾದುದು. ಅಮೆರಿಕ ಸಂಯುಕ್ತ ಸಂಸ್ಥಾನವು 1862ರವರೆಗೆ ಹೈಟಿಗೆ ಮನ್ನಣೆ ಕೊಡಲಿಲ್ಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಮುಂದೊಡ್ಡಿ, ಮಾಜಿ ಒಡೆಯರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. ಮುಂದೆ ಅದು 9 ಕೋಟಿಗೆ ಇಳಿಯಿತು. ಅದಕ್ಕಾಗಿ ಮಾಡಿದ ಸಾಲದ ಬಾಧೆ ತೀರಿದ್ದು 1947ರಲ್ಲಿ.

ರಕ್ತ ಸುರಿಸಿ ಗೆದ್ದ ಬಿಡುಗಡೆಗೆ ಹೈಟಿಯ ಜನ ಮತ್ತೊಮ್ಮೆ ಹಣ ತೆತ್ತರು. ತಮ್ಮ ಹಿರಿಯರನ್ನು ಸಂತೆಯಲ್ಲಿ ಕೊಂಡವರಿಗೇ ತೆತ್ತರು.