ಬಕೆಟ್ ಒದ್ದವನ ಕಾಲು

ನಮ್ಮಲ್ಲಿ ಬಕೆಟ್ ಹಿಡಿದವನಿಗೆ ಬಡ್ತಿ. ಇಂಗ್ಲಿಷಿನಲ್ಲಿ ಬಕೆಟ್ ಒದ್ದವನಿಗೆ ತಿಥಿ. ‘ಕಿಕ್ ದ ಬಕೆಟ್’ ಎಂದರೆ ಅಲ್ಲಿ ಗೊಟಕ್ ಎನ್ನುವುದು. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಹೊರತಂದ ಪೋಲಿ ಮಾತುಗಳ ನಿಘಂಟಿನಲ್ಲೇ ಇದು ಸಿಗುತ್ತದೆ. ಇಂಗ್ಲೆಂಡಿನ ಕೆಲವು ಕಡೆ ಹಂದಿಯನ್ನು ತೂಗುಹಾಕುವ ತೊಲೆಗೂ ಬಕೆಟ್ ಎಂಬ ಹೆಸರಿತ್ತು. ಕೊಯ್ದ ಹಂದಿ ಒದ್ದಾಡುವಾಗ ಕಾಲು ಅದಕ್ಕೆ ಬಡಿಯುತ್ತಿದ್ದುದೇ ಈ ಮಾತಿನ ಮೂಲ ಎಂಬ ಊಹೆಗೆ ಹೆಚ್ಚು ಮನ್ನಣೆ.

‘ಕಿಕ್’ ಒಂದೇ ಕೆಲಸಕ್ಕೆ ನಿಂತ ಪದವಲ್ಲ. ಚಟ ಬಿಟ್ಟರೆ ‘ಕಿಕ್ ದ ಹ್ಯಾಬಿಟ್’, ಆಟ ಶುರುವಾದರೆ ‘ಕಿಕ್ ಆಫ್’, ಹೊರದಬ್ಬಿದರೆ ‘ಕಿಕ್ ಔಟ್’, ಗುತ್ತಿಗೆಯಲ್ಲಿ ಕೈ ಬೆಚ್ಚಗೆ ಮಾಡಿದರೆ ‘ಕಿಕ್‌ಬ್ಯಾಕ್’. ನಾವೂ ಆ ಪದವನ್ನು ಕರೆತಂದು ಬೈಕಿಗೆ ಹೊಡೆಯುತ್ತೇವೆ, ಎರಡು ಪೆಗ್ಗಿಗೆ ಏರಿಸಿಕೊಳ್ಳುತ್ತೇವೆ. ಇಷ್ಟೆಲ್ಲ ಅಲೆದ ಪದದಲ್ಲಿ ಕಾಲು ಇನ್ನೂ ಉಳಿದಿದೆಯೇ?

1979ರಲ್ಲಿ ಡೇವಿಡ್ ಸ್ವಿನಿ ಮತ್ತು ಆನ್ ಕಟ್ಲರ್ ಒಂದು ಪ್ರಯೋಗ ಮಾಡಿದರು. ಕಣ್ಣೆದುರು ಮೂಡುವ ಪದಗುಚ್ಛಕ್ಕೆ ಅರ್ಥವಿದೆಯೋ ಇಲ್ಲವೋ ಎಂದು ಥಟ್ಟನೆ ಗುಂಡಿ ಒತ್ತಿ ಹೇಳಬೇಕು. ಒಂದು ಪದವಷ್ಟೇ ಬದಲಾದ ಸಾದಾ ಗುಚ್ಛಕ್ಕಿಂತ ನುಡಿಗಟ್ಟಿಗೇ ಜನ ಬೇಗ ಉತ್ತರಿಸಿದರು. ಅಂದರೆ ನುಡಿಗಟ್ಟನ್ನು ಪದ ಪದವಾಗಿ ಕಟ್ಟಿ ಅರ್ಥಮಾಡಿಕೊಳ್ಳುವುದಿಲ್ಲ. ಅದು ಇಡಿಯಾಗಿ, ಒಂದೇ ಪದದಂತೆ ನೆನಪಿನಲ್ಲಿ ಕೂತಿರುತ್ತದೆ ಎಂದು ಇಬ್ಬರೂ ವಾದಿಸಿದರು. ಹಾಗಾದರೆ ಕಾಲು ಹೋಯಿತೆಂದೇ ಲೆಕ್ಕ.

ಮಿದುಳಿನ ಚಿತ್ರಗಳು ಬೇರೆ ಕತೆ ಹೇಳಿದವು. 2004ರಲ್ಲಿ ಓಲಾಫ್ ಹಾಕ್ ಮತ್ತು ಸಂಗಡಿಗರು ಸ್ಕ್ಯಾನರ್ ಒಳಗೆ ಮಲಗಿದವರಿಗೆ ಇಂಗ್ಲಿಷಿನ ನೆಕ್ಕು, ಹೆಕ್ಕು, ಒದೆ ಎಂಬರ್ಥದ ಪದಗಳನ್ನು ಓದಿಸಿದರು. ಯಾರೂ ಕೈಕಾಲು ಆಡಿಸಲಿಲ್ಲ. ಆದರೂ ಒದೆ ಎಂದು ಓದಿದಾಗ ಪಾದವನ್ನು ಆಡಿಸುವ ಮಿದುಳಿನ ಭಾಗದ ಆಸುಪಾಸು ಎಚ್ಚರವಾಯಿತು. ನುಡಿಗಟ್ಟಿನೊಳಗಿನ ಒದೆಗೂ ಹೀಗಾಗುತ್ತದೆಯೇ? 2009ರಲ್ಲಿ ಬಂದ ಎರಡು ಅಧ್ಯಯನಗಳು ಎರಡು ಉತ್ತರ ಕೊಟ್ಟವು: ವೆರೋನಿಕ್ ಬುಲಾಂಜೆ ತಂಡ ಹೌದೆಂದಿತು, ಆನಾ ರಪೋಸೊ ತಂಡ ಇಲ್ಲವೆಂದಿತು.

ನನಗೆ ಇವೆರಡಕ್ಕಿಂತ ಹಿಡಿಸಿದ್ದು ಸ್ಕ್ಯಾನರೇ ಬೇಡದ ಪರೀಕ್ಷೆ. ಜೆನಿಫರ್ ಹ್ಯಾಂಬ್ಲಿನ್ ಮತ್ತು ರೇಮಂಡ್ ಗಿಬ್ಸ್ 1999ರಲ್ಲಿ ತೋರಿಸಿದಂತೆ, ನಿಧಾನವಾಗಿ ಸವೆದು ಸತ್ತವನಿಗೆ ‘ಕಿಕ್ ದ ಬಕೆಟ್’ ಒಪ್ಪುವುದಿಲ್ಲ. ಒದೆ ಒಂದು ಕ್ಷಣದ ಕೆಲಸ. ಹಾಗಾಗಿ ಆ ಸಾವೂ ಫಕ್ಕನೆ ಬರಬೇಕು. ಬಕೆಟ್ಟು, ಹಂದಿ, ತೊಲೆ ಎಲ್ಲ ಮರೆತುಹೋಗಿದ್ದರೂ ಕ್ರಿಯಾಪದ ತನ್ನ ವೇಗವನ್ನು ಬಿಟ್ಟುಕೊಟ್ಟಿಲ್ಲ.

ಕನ್ನಡದಲ್ಲೂ ನೋಡಿ. ‘ಅಜ್ಜ ಕಣ್ಣು ಮುಚ್ಚಿದರು’ ಎಂದರೆ ಸಾವು. ‘ಆ ಮುದುಕ ಆರು ತಿಂಗಳಿಂದ ಸಾಯುತ್ತಿದ್ದಾನೆ’ ಎನ್ನಬಹುದು. ‘ಆರು ತಿಂಗಳಿಂದ ಕಣ್ಣು ಮುಚ್ಚುತ್ತಿದ್ದಾನೆ’ ಎಂದರೆ ಕೇಳಿದವರು ಕಣ್ಣಿನ ಡಾಕ್ಟರ ವಿಳಾಸ ಕೊಟ್ಟಾರು. ರೆಪ್ಪೆ ಮುಚ್ಚಲು ಅಷ್ಟು ಹೊತ್ತು ಬೇಡ ಎಂಬುದು ನುಡಿಗಟ್ಟಿಗೂ ಗೊತ್ತು. ನಿಮಗೆ ಬಾಯಿಪಾಠವಾಗಿರುವ ನಾಲ್ಕು ನುಡಿಗಟ್ಟುಗಳ ಕಾಲ ಬದಲಿಸಿ ನೋಡಿ, ಯಾವುದು ಮುರಿಯುತ್ತದೆಂದು ತಿಳಿಯುತ್ತದೆ.